880, 260, 350: ರೈಲು ಕಂಬಿಯ ಉಕ್ಕಿನ ಕುರಿತು ಒಂದು ಟಿಪ್ಪಣಿ

ರೈಲು ಕಂಬಿಯ ತಲೆಗೂ ಪಾದಕ್ಕೂ ನಡುವಿನ ತೆಳು ಗೋಡೆಯ ಮೇಲೆ ಉಬ್ಬಕ್ಷರಗಳ ಒಂದು ಸಾಲಿರುತ್ತದೆ. ಕಾರ್ಖಾನೆ, ತಯಾರಾದ ತಿಂಗಳು, ವರ್ಷ, ಉಕ್ಕಿನ ದರ್ಜೆ ಎಲ್ಲವೂ ಅದರಲ್ಲೇ. ಭಾರತೀಯ ರೈಲ್ವೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ದರ್ಜೆ 880; ಈಚಿನವು ಆರ್ 260 ಮತ್ತು ಆರ್ 350 ಎಚ್‌ಟಿ. ಅಂಕಿಗಳನ್ನಷ್ಟೇ ನೋಡಿದರೆ ಹಳೆಯದೇ ಹೆಚ್ಚು ಗಟ್ಟಿ ಅನ್ನಿಸೀತು. ಆದರೆ ಇಲ್ಲಿ ಅಳತೆಗೋಲೇ ಬದಲಾಗಿದೆ. 880 ಎಂಬುದು ಉಕ್ಕನ್ನು ಎಳೆದು ತುಂಡರಿಸಲು ಬೇಕಾದ ಕನಿಷ್ಠ ಬಲ, ಮೆಗಾಪಾಸ್ಕಲ್ ಲೆಕ್ಕದಲ್ಲಿ. 260 ಬ್ರಿನೆಲ್ ಗಡಸುತನ: ಗಟ್ಟಿ ಗುಂಡೊಂದನ್ನು ಒತ್ತಿದಾಗ ಬೀಳುವ ಗುಳಿಯಿಂದ ಲೆಕ್ಕ ಹಾಕಿದ್ದು. ಎಳೆದು ನೋಡಿದರೆ ಆರ್ 260ಕ್ಕೂ ಕನಿಷ್ಠ ಮಿತಿ 880ಯೇ. ಎರಡರಲ್ಲೂ ಇಂಗಾಲ ಸುಮಾರು 0.6ರಿಂದ 0.8 ಶೇಕಡಾ, ಮ್ಯಾಂಗನೀಸ್ ಶೇಕಡಾ ಒಂದರ ಆಸುಪಾಸು. ಸೋದರರು ಎನ್ನಬಹುದು.

ಕಂಬಿಗೆ ಉಕ್ಕು ಬಂದದ್ದೇ ಸವೆತದ ಕಾಟದಿಂದ. ಇಂಗ್ಲೆಂಡಿನ ಡರ್ಬಿ ನಿಲ್ದಾಣದ ದಟ್ಟಣೆಯ ಒಂದು ಜಾಗದಲ್ಲಿ ಮೆದು ಕಬ್ಬಿಣದ ಕಂಬಿಗಳನ್ನು ಕೆಲವೇ ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತಿತ್ತು. 1857ರಲ್ಲಿ ಅಲ್ಲಿ ರಾಬರ್ಟ್ ಮಷೆಟ್ ಅವರ ಉಕ್ಕಿನ ಕಂಬಿ ಹಾಕಿದರು. ಅದು 1873ರವರೆಗೆ ಬಾಳಿತು.

ಈ ಬಾಳಿಕೆಯ ಗುಟ್ಟು ಉಕ್ಕಿನ ಒಳರಚನೆಯಲ್ಲಿದೆ. ಕೆಂಪಗೆ ಕಾದ ಕಂಬಿ ತಣಿಯುತ್ತಾ ಸುಮಾರು 727 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಮೆದುವಾದ ಫೆರೈಟ್ ಪದರ, ಗಡಸಾದ ಸಿಮೆಂಟೈಟ್ ಪದರ ಒಂದರ ಮೇಲೊಂದು ಕೂರುತ್ತವೆ. ಈ ಪದರುಗಟ್ಟಿದ ರಚನೆಯೇ ಪರ್ಲೈಟ್. ಸೂಕ್ಷ್ಮದರ್ಶಕದಡಿ ಮುತ್ತಿನ ಚಿಪ್ಪಿನಂತೆ ಹೊಳೆಯುವುದರಿಂದ ಆ ಹೆಸರು. ಗಡಸು ಪದರ ಗಾಲಿಯ ಉಜ್ಜುವಿಕೆಯನ್ನು ತಡೆಯುತ್ತದೆ, ಮೆದು ಪದರ ಇಡೀ ಕಂಬಿ ಪೆಡಸಾಗದಂತೆ ನೋಡಿಕೊಳ್ಳುತ್ತದೆ. ಪದರಗಳು ಎಷ್ಟು ತೆಳುವೋ ಉಕ್ಕು ಅಷ್ಟು ಗಡಸು.

ಆರ್ 350 ಎಚ್‌ಟಿ ಹುಟ್ಟುವುದು ಈ ಕಡೆಯ ಮಾತಿನಿಂದ. ಕಂಬಿಯ ತಲೆಯನ್ನು ಗಾಳಿ ಅಥವಾ ನೀರಿನ ಸಿಂಪಡಣೆಯಿಂದ ಬೇಗ ತಣಿಸಿದರೆ ಪದರಗಳು ತೆಳುವಾಗುತ್ತವೆ, ಗಡಸುತನ 350ರಿಂದ 390ಕ್ಕೇರುತ್ತದೆ, ಕರ್ಷಣ ಬಲದ ಕನಿಷ್ಠ ಮಿತಿ 1175 ಮೆಗಾಪಾಸ್ಕಲ್. ಹದ ಮೀರಿ ತಣಿಸಿದರೋ, ಪರ್ಲೈಟ್ ಬದಲು ಮಾರ್ಟೆನ್ಸೈಟ್ ಕಟ್ಟಿಕೊಂಡು ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ಕುಡುಗೋಲನ್ನು ನೀರಿಗದ್ದುವ ಕಮ್ಮಾರನಿಗೂ ಇದೇ ಅಂಜಿಕೆ. ಗಾಲಿಯ ಅಂಚು ಹೊರಗಂಬಿಯ ಪಕ್ಕೆಯನ್ನು ತೀಡುತ್ತಲೇ ಸಾಗುವ ಕಡಿದಾದ ತಿರುವುಗಳಿಗೆ ಇಂಥ ಕಂಬಿ ಸೂಕ್ತ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಾದಿ ಕಂಡವರಿಗೆ ಆ ತೀಡುವ ಕೀರಲು ದನಿಯನ್ನು ವಿವರಿಸಬೇಕಿಲ್ಲ.

ಹಾಗಾದರೆ ಎಲ್ಲೆಡೆಯೂ ಅದನ್ನೇ ಏಕೆ ಹಾಸಬಾರದು? ಬೆಲೆಯ ಮಾತು ಹಾಗಿರಲಿ. ಬೆಸುಗೆಯ ಬಿಸಿಗೆ ಕೀಲಿನ ಆಚೀಚೆ ಆ ತೆಳು ಪದರಗಳು ಕೆಟ್ಟು ಉಕ್ಕು ಮೆದುವಾಗುತ್ತದೆ. ಗಾಲಿಗಳು ಅಲ್ಲೇ ತಗ್ಗು ಮಾಡುತ್ತವೆ. ಇನ್ನೊಂದು ತೊಡಕು ಸವೆತದ್ದೇ. ಮೇಲ್ಮೈಯಲ್ಲಿ ಮೊಳೆತ ಕೂದಲೆಳೆ ಬಿರುಕು ಸವೆಯುವ ಕಂಬಿಯಲ್ಲಿ ಎಷ್ಟೋ ಸಲ ತಾನೇ ಅಳಿಸಿಹೋಗುತ್ತದೆ. ಗಡಸು ಕಂಬಿಯಲ್ಲಿ ಬಿರುಕು ಹುಟ್ಟುವುದು ನಿಧಾನ, ಆದರೆ ಹುಟ್ಟಿದ್ದು ಹಾಗೇ ಉಳಿಯುತ್ತದೆ. ಉಜ್ಜುಯಂತ್ರ ಹಾಯಿಸಿ ತೆಗೆಯಬೇಕು. ಬಿರುಕನ್ನು ಬೆಳೆಯಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಅಪಘಾತ ಸಾಕ್ಷಿ. 2000ದ ಅಕ್ಟೋಬರ್ 17ರಂದು ತಿರುವಿನ ಕಂಬಿ ರೈಲಿನಡಿ 300ಕ್ಕೂ ಹೆಚ್ಚು ಚೂರಾಯಿತು, ನಾಲ್ವರು ಸತ್ತರು. ಗಾಲಿಯೊತ್ತಡದ ದಣಿವಿನಿಂದ ತಲೆಯ ಒಳ ಅಂಚಿನಲ್ಲಿ ಎದ್ದ ಬಿರುಕುಗಳೇ ಕಾರಣ.

ಆದ್ದರಿಂದ ದರ್ಜೆಯ ಅಂಕಿಯನ್ನು ಗುಣದ ಅಂಕವೆಂದು ಓದುವುದು ತಪ್ಪೆಂದೇ ನನ್ನ ಎಣಿಕೆ. ಎರಕದಲ್ಲಿ ಹೈಡ್ರೋಜನ್ ಹೆಚ್ಚಾಗಿ ಸೇರಿದರೆ ಎಂಥ ಉಕ್ಕಿನ ಒಳಗೂ ಬಿರುಕು ಹುಟ್ಟುತ್ತದೆ. ಭಾರತದ ಮಾನಕದಲ್ಲಿ ಅದಕ್ಕಿರುವ ಮಿತಿ ಹತ್ತು ಲಕ್ಷದಲ್ಲಿ 1.6 ಭಾಗ. ಉಬ್ಬಕ್ಷರ ಇದನ್ನು ಹೇಳುವುದಿಲ್ಲ.

ಒಂದು ಹಳಿ ಇನ್ನೊಂದನ್ನು ಕತ್ತರಿಸುವ ಕ್ರಾಸಿಂಗಿನಲ್ಲಂತೂ ಈ ಅಂಕಿಗಳ ಆಟವೇ ನಡೆಯದು. ಅಲ್ಲಿ ಕಂಬಿಯ ನಡುವೆ ಗಾಲಿಗೆ ದಾರಿ ಬಿಟ್ಟಿರುವುದರಿಂದ ಪ್ರತಿ ಗಾಲಿಯೂ ಆಚೆಬದಿಯ ಕಂಬಿಯ ಮೂತಿಯ ಮೇಲೆ ಧಡಕ್ಕನೆ ಬಡಿಯುತ್ತದೆ. ಆ ಜಾಗಕ್ಕೆ ಹೊಂದಿದ್ದು ಷೆಫೀಲ್ಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ ಉಕ್ಕು: ಮ್ಯಾಂಗನೀಸ್ ಶೇಕಡಾ 11ರಿಂದ 14, ಇಂಗಾಲ ಒಂದಕ್ಕಿಂತ ತುಸು ಹೆಚ್ಚು. ಹೊಸದರಲ್ಲಿ ಇದರ ಗಡಸುತನ 200ರ ಸುತ್ತಮುತ್ತ, ಸಾಮಾನ್ಯ ಕಂಬಿಗಿಂತಲೂ ಕಡಿಮೆ. ಏಟು ಬಿದ್ದಂತೆಲ್ಲ ಮೇಲ್ಪದರ ಗಡಸಾಗುತ್ತಾ ಹೋಗುತ್ತದೆ, ಒಳಗು ಮೆದುವಾಗಿಯೇ ಉಳಿಯುತ್ತದೆ. ಅಯಸ್ಕಾಂತ ಇದಕ್ಕೆ ಅಂಟುವುದಿಲ್ಲ. ಎರಕದ ದಪ್ಪ ಹರಳುಗಳು ಶ್ರವಣಾತೀತ ಅಲೆಯನ್ನು ಚದುರಿಸುವುದರಿಂದ ಸಾಮಾನ್ಯ ಕಂಬಿಯ ಬಿರುಕು ಹಿಡಿಯುವ ಉಪಕರಣವೂ ಇಲ್ಲಿ ಕುರುಡು. ತಂತಿಬ್ರಷ್ಷಿನಿಂದ ಉಜ್ಜಿ, ಬಗ್ಗಿ, ಕಣ್ಣಿಟ್ಟು ನೋಡಬೇಕು.