ವೃತ್ತಿಪರ ಮಹಿಳಾ ಫುಟ್‌ಬಾಲ್: ಲೀಗ್‌ಗಳ ರಚನೆ ಮತ್ತು ಹಣಕಾಸು ವ್ಯವಸ್ಥೆ

1. ಪೀಠಿಕೆ

ಕ್ಲಬ್ಬಿನೊಡನೆ ಲಿಖಿತ ಒಪ್ಪಂದ ಮಾಡಿಕೊಂಡು, ಅದರಿಂದ ದೊರೆಯುವ ವೇತನವನ್ನೇ ಜೀವನೋಪಾಯವಾಗಿ ಅವಲಂಬಿಸಿ ಆಡುವವರನ್ನು ವೃತ್ತಿಪರ ಆಟಗಾರ್ತಿಯರು ಎಂದು ಕರೆಯಲಾಗುತ್ತದೆ. ಆಟಗಾರ್ತಿಯ ಸಾಮರ್ಥ್ಯ ಎಷ್ಟೇ ಉನ್ನತವಾಗಿದ್ದರೂ ಕ್ಲಬ್ ಮುಚ್ಚಿದಲ್ಲಿ ಅವರ ಉದ್ಯೋಗವು ಕೊನೆಗೊಳ್ಳುತ್ತದೆ. ಆದ್ದರಿಂದ ಲೀಗ್ ಒಂದರ ಹಣಕಾಸು ವ್ಯವಸ್ಥೆಯು ಮಾಲೀಕರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಅದು ಆಟಗಾರ್ತಿಯರು ಹಾಗೂ ಅವರ ಕುಟುಂಬದವರು ಅರಿತಿರಬೇಕಾದ ವಿಷಯವಾಗಿರುತ್ತದೆ.

ಈ ಪುಟದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಉದಾಹರಣೆಯನ್ನು ವಿವರವಾಗಿ ನೀಡಲಾಗಿದೆ. ಆ ದೇಶದಲ್ಲಿ 2001ರಿಂದ ಮೂರು ರಾಷ್ಟ್ರೀಯ ಮಹಿಳಾ ಲೀಗ್‌ಗಳು ಒಂದರ ನಂತರ ಒಂದರಂತೆ ಆರಂಭಗೊಂಡವು. ಮೊದಲ ಎರಡು ಲೀಗ್‌ಗಳು ತಲಾ ಮೂರು ಋತುಗಳ ನಂತರ ನಿಂತುಹೋದವು. ಮೂರನೆಯದು 2013ರಿಂದ ನಡೆದುಬಂದಿದೆ. ಒಂದೇ ದೇಶದಲ್ಲಿ ಒಂದೇ ಆಟವು ಎರಡು ಬಾರಿ ವಿಫಲಗೊಂಡು ಮೂರನೆಯ ಬಾರಿ ಉಳಿದುಕೊಂಡ ಕಾರಣ, ಈ ಉದಾಹರಣೆಯಿಂದ ಹಣಕಾಸಿನ ಪಾತ್ರವು ಸ್ಪಷ್ಟವಾಗುತ್ತದೆ. ಕೊನೆಯಲ್ಲಿ ಹೋಲಿಕೆಗಾಗಿ ಭಾರತದ ಲೀಗ್ ಕುರಿತು ಸಂಕ್ಷಿಪ್ತ ಮಾಹಿತಿ ಇರುತ್ತದೆ.

2. ಲೀಗ್ ರಚನೆಯ ವಿಧಗಳು

ಲೀಗ್‌ಗಳನ್ನು ಮುಖ್ಯವಾಗಿ ಎರಡು ವಿಧಗಳಾಗಿ ವಿಂಗಡಿಸಬಹುದು.

(ಅ) ಮುಕ್ತ ಲೀಗ್: ಇದರಲ್ಲಿ ಬಡ್ತಿ ಮತ್ತು ಹಿಂಬಡ್ತಿ ಇರುತ್ತದೆ. ಕೊನೆಯ ಸ್ಥಾನಗಳಲ್ಲಿ ಉಳಿದ ಕ್ಲಬ್‌ಗಳು ಕೆಳ ಶ್ರೇಣಿಗೆ ಇಳಿಯುತ್ತವೆ. ಕೆಳ ಶ್ರೇಣಿಯಲ್ಲಿ ಮುಂಚೂಣಿಯಲ್ಲಿರುವ ಕ್ಲಬ್‌ಗಳು ಮೇಲೇರುತ್ತವೆ. ಯುರೋಪಿನ ಬಹುತೇಕ ದೇಶಗಳಲ್ಲಿ ಹಾಗೂ ಭಾರತದಲ್ಲಿ ಈ ಪದ್ಧತಿ ಇದೆ.

(ಆ) ಮುಚ್ಚಿದ ಲೀಗ್: ಇದರಲ್ಲಿ ಕ್ಲಬ್‌ಗಳ ಸಂಖ್ಯೆ ನಿಗದಿಯಾಗಿರುತ್ತದೆ. ಸೋತ ಕ್ಲಬ್ ಕೆಳಗಿಳಿಯುವುದಿಲ್ಲ. ಹೊಸ ಕ್ಲಬ್ ಸೇರಬೇಕಾದಲ್ಲಿ ಲೀಗ್‌ಗೆ ಪ್ರವೇಶ ಶುಲ್ಕವನ್ನು ಪಾವತಿಸಬೇಕಾಗುತ್ತದೆ. ಅಮೆರಿಕದ ಮೂರೂ ಲೀಗ್‌ಗಳು ಈ ವರ್ಗಕ್ಕೆ ಸೇರಿವೆ.

ಮುಚ್ಚಿದ ಲೀಗ್‌ನಲ್ಲಿ ಹೂಡಿಕೆದಾರರಿಗೆ ಹಿಂಬಡ್ತಿಯ ಭಯವಿಲ್ಲ. ಇದರ ಜೊತೆಗೆ ಪ್ರತಿ ಕ್ಲಬ್ ವೇತನಕ್ಕಾಗಿ ವೆಚ್ಚ ಮಾಡಬಹುದಾದ ಮೊತ್ತಕ್ಕೆ ವೇತನ ಮಿತಿಯನ್ನು ವಿಧಿಸಲಾಗುತ್ತದೆ. ಶ್ರೀಮಂತ ಕ್ಲಬ್ಬಿನೊಡನೆ ಪೈಪೋಟಿಗೆ ಇಳಿದು ಇತರ ಕ್ಲಬ್‌ಗಳು ನಷ್ಟಕ್ಕೆ ಒಳಗಾಗುವುದನ್ನು ತಡೆಯುವುದು ಇದರ ಉದ್ದೇಶವಾಗಿರುತ್ತದೆ. ಈ ಮಿತಿಯಿಂದ ಆಟಗಾರ್ತಿಯರ ಗಳಿಕೆಯೂ ಮಿತಿಗೊಳಪಡುತ್ತದೆ ಎಂಬುದು ಗಮನಾರ್ಹ.

3. ಮೊದಲ ಲೀಗ್ (2001ರಿಂದ 2003)

1999ರ ಜುಲೈ 10ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ವಿಶ್ವಕಪ್ ಅಂತಿಮ ಪಂದ್ಯವನ್ನು 90,185 ಪ್ರೇಕ್ಷಕರು ವೀಕ್ಷಿಸಿದರು. ಈ ಉತ್ಸಾಹದ ಹಿನ್ನೆಲೆಯಲ್ಲಿ 2000ದಲ್ಲಿ ವಿಮೆನ್ಸ್ ಯುನೈಟೆಡ್ ಸಾಕರ್ ಅಸೋಸಿಯೇಷನ್ ಎಂಬ ಲೀಗ್ ಅನ್ನು ಸ್ಥಾಪಿಸಲಾಯಿತು. ಡಿಸ್ಕವರಿ ವಾಹಿನಿಯ ಸ್ಥಾಪಕ ಜಾನ್ ಹೆಂಡ್ರಿಕ್ಸ್ ಹಾಗೂ ಕೇಬಲ್ ದೂರದರ್ಶನ ಕ್ಷೇತ್ರದ ಕಂಪನಿಗಳು ಇದರ ಪ್ರಮುಖ ಹೂಡಿಕೆದಾರರಾಗಿದ್ದವು. 8 ತಂಡಗಳಿದ್ದ ಈ ಲೀಗ್‌ನ ಮೊದಲ ಪಂದ್ಯವು 2001ರ ಏಪ್ರಿಲ್ 14ರಂದು ವಾಷಿಂಗ್ಟನ್‌ನಲ್ಲಿ ನಡೆದು, 34,148 ಪ್ರೇಕ್ಷಕರು ಹಾಜರಿದ್ದರು.

ಐದು ವರ್ಷಗಳಿಗೆ ಸಾಕಾಗಬೇಕೆಂದು ಅಂದಾಜಿಸಿದ್ದ 4 ಕೋಟಿ ಡಾಲರ್ ಬಂಡವಾಳವು ಮೊದಲ ವರ್ಷದಲ್ಲಿಯೇ ಖರ್ಚಾಯಿತು. ಮೂರು ಋತುಗಳಲ್ಲಿ ಒಟ್ಟು ವೆಚ್ಚವು ಸುಮಾರು 10 ಕೋಟಿ ಡಾಲರ್ ತಲುಪಿತು. ಪ್ರತಿ ಪಂದ್ಯದ ಸರಾಸರಿ ಪ್ರೇಕ್ಷಕರ ಸಂಖ್ಯೆಯು ಮೊದಲ ವರ್ಷದ ಸುಮಾರು 8,000ದಿಂದ 2003ರಲ್ಲಿ 7,000ಕ್ಕಿಂತ ಕೆಳಗಿಳಿಯಿತು. ನಿರೀಕ್ಷಿಸಿದಷ್ಟು ಪ್ರಾಯೋಜಕರು ದೊರೆಯಲಿಲ್ಲ. ಲೀಗ್ ಉಳಿಸಿಕೊಳ್ಳುವ ಸಲುವಾಗಿ ಸ್ಥಾಪಕ ಆಟಗಾರ್ತಿಯರು ತಮ್ಮ ವೇತನ ಕಡಿತಕ್ಕೂ ಒಪ್ಪಿದ್ದರು. ಆದಾಗ್ಯೂ 2003ರ ಸೆಪ್ಟೆಂಬರ್ 15ರಂದು, ಅದೇ ದೇಶದಲ್ಲಿ ಮುಂದಿನ ವಿಶ್ವಕಪ್ ಆರಂಭಗೊಳ್ಳಲು ಐದು ದಿನಗಳು ಬಾಕಿ ಇರುವಾಗ, ಲೀಗ್‌ನ ಚಟುವಟಿಕೆಗಳನ್ನು ಸ್ಥಗಿತಗೊಳಿಸಲಾಯಿತು.

ನಾಲ್ಕು ವರ್ಷಗಳಿಗೊಮ್ಮೆ ಬರುವ ವಿಶ್ವಕಪ್‌ನ ಜನಸಂದಣಿಯನ್ನು ಪ್ರತಿ ವಾರದ ಲೀಗ್ ಪಂದ್ಯಗಳ ಆದಾಯಕ್ಕೆ ಅಳತೆಗೋಲಾಗಿ ಬಳಸಿದ್ದು ಇಲ್ಲಿನ ಮುಖ್ಯ ದೋಷವಾಗಿತ್ತು.

4. ಎರಡನೆಯ ಲೀಗ್ (2009ರಿಂದ 2011)

2009ರ ಮಾರ್ಚ್‌ನಲ್ಲಿ ವಿಮೆನ್ಸ್ ಪ್ರೊಫೆಷನಲ್ ಸಾಕರ್ ಎಂಬ ಲೀಗ್ 7 ಕ್ಲಬ್‌ಗಳೊಂದಿಗೆ ಆರಂಭಗೊಂಡಿತು. ಮೊದಲ ಲೀಗ್‌ನಲ್ಲಿ ಎಲ್ಲಾ ತಂಡಗಳೂ ಒಂದೇ ಸಂಸ್ಥೆಯ ಅಧೀನದಲ್ಲಿದ್ದವು. ಇಲ್ಲಿ ಪ್ರತಿ ಕ್ಲಬ್‌ಗೂ ಪ್ರತ್ಯೇಕ ಮಾಲೀಕರಿದ್ದರು. ಒಟ್ಟಾರೆ ವೆಚ್ಚವನ್ನು ತಗ್ಗಿಸಲಾಗಿತ್ತಾದರೂ, ಒಬ್ಬ ಮಾಲೀಕರು ಹಿಂದೆ ಸರಿದ ಕೂಡಲೇ ಅವರ ಕ್ಲಬ್ ಮುಚ್ಚಬೇಕಾದ ಪರಿಸ್ಥಿತಿ ಇತ್ತು.

ಬ್ರೆಜಿಲ್‌ನ ಖ್ಯಾತ ಆಟಗಾರ್ತಿ ಮಾರ್ಟಾ ಅವರ ಅನುಭವದಿಂದ ಇದನ್ನು ತಿಳಿಯಬಹುದು. ಅವರು 2009ರಲ್ಲಿ ಆಡಿದ ಲಾಸ್ ಏಂಜಲೀಸ್ ಸೋಲ್ ತಂಡವು ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆಯಿತು. ಕೆಲವೇ ತಿಂಗಳಲ್ಲಿ ಆ ಕ್ಲಬ್ ಮುಚ್ಚಿತು. 2010ರಲ್ಲಿ ಅವರು ಸೇರಿದ ಎಫ್.ಸಿ. ಗೋಲ್ಡ್ ಪ್ರೈಡ್ ತಂಡವು ಚಾಂಪಿಯನ್ ಆಯಿತು. ಅದೇ ವರ್ಷ ಆ ಕ್ಲಬ್ಬೂ ಮುಚ್ಚಿತು. 2011ರಲ್ಲಿ ಅವರು ಸೇರಿದ ವೆಸ್ಟರ್ನ್ ನ್ಯೂಯಾರ್ಕ್ ಫ್ಲ್ಯಾಶ್ ತಂಡವು ಚಾಂಪಿಯನ್ ಆಯಿತು. ಅದರ ನಂತರ ಲೀಗೇ ನಿಂತಿತು. ಇದಲ್ಲದೆ ಸೇಂಟ್ ಲೂಯಿಸ್ ಅಥ್ಲೆಟಿಕಾ ಕ್ಲಬ್ 2010ರ ಋತುವಿನ ನಡುವೆಯೇ ಮುಚ್ಚಿತು.

ಒಬ್ಬ ಕ್ಲಬ್ ಮಾಲೀಕರೊಂದಿಗಿನ ಕಾನೂನು ವ್ಯಾಜ್ಯದಿಂದ ಲೀಗ್‌ನ ಉಳಿದ ಸಂಪನ್ಮೂಲವೂ ಕರಗಿ, 2012ರ ಜನವರಿಯಲ್ಲಿ ಆ ವರ್ಷದ ಋತುವನ್ನು ರದ್ದುಪಡಿಸಲಾಯಿತು. ಮೇ ತಿಂಗಳಲ್ಲಿ ಲೀಗ್ ವಿಸರ್ಜನೆಗೊಂಡಿತು. ಮೈದಾನದಲ್ಲಿನ ಗೆಲುವು ಕ್ಲಬ್ಬಿನ ಉಳಿವಿಗೆ ಖಾತರಿಯಲ್ಲ ಎಂಬುದು ಈ ಅವಧಿಯಿಂದ ತಿಳಿದುಬರುತ್ತದೆ.

5. ಮೂರನೆಯ ಲೀಗ್ (2013ರಿಂದ)

2013ರ ಏಪ್ರಿಲ್‌ನಲ್ಲಿ ನ್ಯಾಷನಲ್ ವಿಮೆನ್ಸ್ ಸಾಕರ್ ಲೀಗ್ 8 ಕ್ಲಬ್‌ಗಳೊಂದಿಗೆ ಆರಂಭಗೊಂಡಿತು. ಆರಂಭದಿಂದಲೇ ಈ ಕೆಳಕಂಡ ಎರಡು ಕ್ರಮಗಳನ್ನು ಅನುಸರಿಸಲಾಯಿತು.

(ಅ) ವೇತನದ ಹೊರೆಯ ಹಂಚಿಕೆ: ಅಮೆರಿಕ, ಕೆನಡಾ ಮತ್ತು ಮೆಕ್ಸಿಕೊ ದೇಶಗಳ ಫುಟ್‌ಬಾಲ್ ಒಕ್ಕೂಟಗಳು ತಮ್ಮ ರಾಷ್ಟ್ರೀಯ ತಂಡದ ಆಟಗಾರ್ತಿಯರ ವೇತನವನ್ನು ತಾವೇ ಭರಿಸಿದವು. ಲೀಗ್‌ನ ಆಡಳಿತವನ್ನು ಅಮೆರಿಕದ ಒಕ್ಕೂಟವು ನಿರ್ವಹಿಸಿತು.

(ಆ) ಕಟ್ಟುನಿಟ್ಟಿನ ವೇತನ ಮಿತಿ: 2013ರಲ್ಲಿ ಪ್ರತಿ ಕ್ಲಬ್ಬಿನ ವೇತನ ಮಿತಿಯನ್ನು 2 ಲಕ್ಷ ಡಾಲರ್‌ಗೆ ನಿಗದಿಪಡಿಸಲಾಯಿತು. ಇತರ ಆಟಗಾರ್ತಿಯರಿಗೆ ಋತುವೊಂದಕ್ಕೆ ಕನಿಷ್ಠ 6,000 ಹಾಗೂ ಗರಿಷ್ಠ 30,000 ಡಾಲರ್ ವೇತನವಿತ್ತು.

ಈ ಕ್ರಮಗಳಿಂದ ಲೀಗ್ ಉಳಿಯಿತು; ಆದರೆ ಅದರ ಬೆಲೆಯನ್ನು ಆಟಗಾರ್ತಿಯರು ತೆತ್ತರು. ಕನಿಷ್ಠ ವೇತನದಲ್ಲಿ ಜೀವನ ನಡೆಸುವುದು ಅಸಾಧ್ಯವಾಗಿದ್ದುದರಿಂದ ಅನೇಕರು ಇತರ ಮನೆಗಳಲ್ಲಿ ಆಶ್ರಯ ಪಡೆದು ಅಥವಾ ಬೇರೆ ಉದ್ಯೋಗ ಮಾಡಿಕೊಂಡು ಆಡಿದರು. ಎಫ್.ಸಿ. ಕಾನ್ಸಾಸ್ ಸಿಟಿ 2017ರಲ್ಲಿ, ಬಾಸ್ಟನ್ ಬ್ರೇಕರ್ಸ್ 2018ರ ಜನವರಿಯಲ್ಲಿ ಮುಚ್ಚಿದವು. 2022ರ ಅಕ್ಟೋಬರ್‌ನಲ್ಲಿ ಪ್ರಕಟಗೊಂಡ ಸ್ಯಾಲಿ ಯೇಟ್ಸ್ ಅವರ ತನಿಖಾ ವರದಿಯು, ಹಲವು ಕ್ಲಬ್‌ಗಳಲ್ಲಿ ಆಟಗಾರ್ತಿಯರು ಮಾನಸಿಕ ಹಾಗೂ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದನ್ನು ದಾಖಲಿಸಿತು. ಅಲ್ಪ ವೇತನ ಮತ್ತು ಅಭದ್ರ ಉದ್ಯೋಗದಲ್ಲಿರುವವರಿಗೆ ದೂರು ನೀಡುವುದು ಕಷ್ಟಸಾಧ್ಯವಾಗಿರುತ್ತದೆ.

ಆಟಗಾರ್ತಿಯರ ಸಂಘವು 2017ರಲ್ಲಿ ರಚನೆಯಾಗಿ, 2022ರಲ್ಲಿ ಲೀಗ್‌ನೊಂದಿಗೆ ಮೊದಲ ಸಾಮೂಹಿಕ ಒಪ್ಪಂದವನ್ನು ಮಾಡಿಕೊಂಡಿತು. 2024ರ ಎರಡನೆಯ ಒಪ್ಪಂದವು 2030ರವರೆಗೆ ಅನ್ವಯಿಸುತ್ತದೆ. ವೇತನದಲ್ಲಿನ ಬದಲಾವಣೆಯು ಈ ಕೆಳಕಂಡಂತಿದೆ.

ಕನಿಷ್ಠ ವೇತನ (ವಾರ್ಷಿಕ, ಡಾಲರ್‌ಗಳಲ್ಲಿ)
- 2013: 6,000
- 2022: 35,000
- 2025: 48,500
- 2030 (ಒಪ್ಪಂದದಂತೆ): 82,500

ಪ್ರತಿ ಕ್ಲಬ್ಬಿನ ವೇತನ ಮಿತಿ (ಡಾಲರ್‌ಗಳಲ್ಲಿ)
- 2013: 2 ಲಕ್ಷ
- 2022: 11 ಲಕ್ಷ
- 2025: 33 ಲಕ್ಷ
- 2030 (ಒಪ್ಪಂದದಂತೆ, ಆದಾಯ ಹಂಚಿಕೆ ಹೊರತುಪಡಿಸಿ): 51 ಲಕ್ಷ

2024ರ ಒಪ್ಪಂದದಲ್ಲಿ ಡ್ರಾಫ್ಟ್ ಪದ್ಧತಿಯನ್ನು ರದ್ದುಪಡಿಸಲಾಗಿದೆ. ಈ ಪದ್ಧತಿಯಲ್ಲಿ ಕಾಲೇಜು ಮುಗಿಸಿದ ಆಟಗಾರ್ತಿ ಯಾವ ಕ್ಲಬ್ಬಿಗೆ ಸೇರಬೇಕೆಂಬುದನ್ನು ಕ್ಲಬ್‌ಗಳೇ ಸರದಿಯಂತೆ ಆರಿಸಿಕೊಳ್ಳುತ್ತಿದ್ದವು. ಆಟಗಾರ್ತಿಯ ಒಪ್ಪಿಗೆಯಿಲ್ಲದೆ ಅವರನ್ನು ಬೇರೆ ಕ್ಲಬ್ಬಿಗೆ ವರ್ಗಾಯಿಸುವಂತಿಲ್ಲ ಎಂಬ ನಿಯಮವನ್ನೂ ಅಳವಡಿಸಲಾಗಿದೆ.

ಪಂದ್ಯಗಳ ವ್ಯವಸ್ಥೆ: 2025ರ ಋತುವಿನಲ್ಲಿ 14 ಕ್ಲಬ್‌ಗಳಿದ್ದು, ಪ್ರತಿ ಕ್ಲಬ್ 26 ಪಂದ್ಯಗಳನ್ನು ಆಡಿತು. ಅಗ್ರಸ್ಥಾನ ಪಡೆದ ಕ್ಲಬ್ಬಿಗೆ ಶೀಲ್ಡ್ ನೀಡಲಾಗುತ್ತದೆ. ಮೊದಲ 8 ಕ್ಲಬ್‌ಗಳು ಪ್ಲೇಆಫ್ ಹಂತದಲ್ಲಿ ಚಾಂಪಿಯನ್ ಪಟ್ಟಕ್ಕಾಗಿ ಸೆಣಸುತ್ತವೆ. 2026ರ ಋತುವಿಗೆ ಬಾಸ್ಟನ್ ಮತ್ತು ಡೆನ್ವರ್ ಕ್ಲಬ್‌ಗಳ ಸೇರ್ಪಡೆಯೊಂದಿಗೆ ಈ ಸಂಖ್ಯೆಯು 16 ಆಗಿದೆ. 2024ರ ಆಗಸ್ಟ್‌ನಲ್ಲಿ ಯು.ಎಸ್.ಎಲ್. ಸೂಪರ್ ಲೀಗ್ ಎಂಬ ಮತ್ತೊಂದು ಪ್ರಥಮ ಶ್ರೇಣಿಯ ಮಹಿಳಾ ಲೀಗ್ ಸಹ ಆರಂಭಗೊಂಡಿದೆ.

6. ಆದಾಯದ ಮೂಲಗಳು

(ಅ) ಪ್ರಸಾರ ಹಕ್ಕು: 2020ರಲ್ಲಿ ಆರಂಭಗೊಂಡ ಮೂರು ವರ್ಷಗಳ ಪ್ರಸಾರ ಒಪ್ಪಂದದ ಮೌಲ್ಯವು ಸುಮಾರು 45 ಲಕ್ಷ ಡಾಲರ್ ಎಂದು ವರದಿಯಾಗಿತ್ತು. 2023ರ ನವೆಂಬರ್‌ನಲ್ಲಿ ನಾಲ್ಕು ಸಂಸ್ಥೆಗಳೊಂದಿಗೆ ಮಾಡಿಕೊಂಡ ನಾಲ್ಕು ವರ್ಷಗಳ ಒಪ್ಪಂದದ ಮೌಲ್ಯವು 24 ಕೋಟಿ ಡಾಲರ್ ಎಂದು ವರದಿಯಾಗಿದೆ. ವಾರ್ಷಿಕ ಲೆಕ್ಕದಲ್ಲಿ ಇದು ಸುಮಾರು 40 ಪಟ್ಟು ಹೆಚ್ಚಳವಾಗಿರುತ್ತದೆ.

(ಆ) ಟಿಕೆಟ್ ಮತ್ತು ಕ್ರೀಡಾಂಗಣ: ಬಾಡಿಗೆ ಕ್ರೀಡಾಂಗಣದಲ್ಲಿ ವಾಹನ ನಿಲುಗಡೆ, ಆಹಾರ ಮಳಿಗೆ ಮುಂತಾದವುಗಳ ಆದಾಯವು ಸಾಮಾನ್ಯವಾಗಿ ಕ್ರೀಡಾಂಗಣದ ಮಾಲೀಕರಿಗೆ ಸೇರುತ್ತದೆ. ಈ ಕಾರಣದಿಂದ ಕಾನ್ಸಾಸ್ ಸಿಟಿ ಕರೆಂಟ್ ಕ್ಲಬ್ ತನ್ನದೇ ಕ್ರೀಡಾಂಗಣವನ್ನು ನಿರ್ಮಿಸಿತು. 2024ರ ಮಾರ್ಚ್‌ನಲ್ಲಿ ಆರಂಭಗೊಂಡ, 11,500 ಆಸನಗಳ ಈ ಕ್ರೀಡಾಂಗಣವನ್ನು ವೃತ್ತಿಪರ ಮಹಿಳಾ ತಂಡಕ್ಕಾಗಿಯೇ ಕಟ್ಟಲಾಗಿದೆ.

(ಇ) ಪ್ರಾಯೋಜಕತ್ವ: ಅಂಗಿಯ ಮೇಲಿನ ಜಾಹೀರಾತು, ಕ್ರೀಡಾಂಗಣದ ಹೆಸರು ಇತ್ಯಾದಿ ಇದರಲ್ಲಿ ಸೇರಿರುತ್ತವೆ.

(ಈ) ವರ್ಗಾವಣೆ ಶುಲ್ಕ: 2025ರ ಜನವರಿಯಲ್ಲಿ ಸ್ಯಾನ್ ಡಿಯೇಗೊ ವೇವ್ ಕ್ಲಬ್ಬಿನಿಂದ ಇಂಗ್ಲೆಂಡಿನ ಚೆಲ್ಸಿಗೆ ನಯೋಮಿ ಗರ್ಮಾ ಅವರ ವರ್ಗಾವಣೆಗೆ ಸುಮಾರು 11 ಲಕ್ಷ ಡಾಲರ್ ಪಾವತಿಯಾಯಿತು. ಮಹಿಳಾ ಫುಟ್‌ಬಾಲ್‌ನಲ್ಲಿ 10 ಲಕ್ಷ ಡಾಲರ್ ದಾಟಿದ ಮೊದಲ ವರ್ಗಾವಣೆ ಇದಾಗಿದೆ.

(ಉ) ಪ್ರವೇಶ ಶುಲ್ಕ: 2024ರಲ್ಲಿ ಆಡಲಾರಂಭಿಸಿದ ಬೇ ಎಫ್.ಸಿ. ಕ್ಲಬ್ ಸುಮಾರು 5.3 ಕೋಟಿ ಡಾಲರ್ ಪಾವತಿಸಿತು. 2025ರಲ್ಲಿ ಡೆನ್ವರ್ ಕ್ಲಬ್ಬಿಗೆ ಈ ಶುಲ್ಕವು 11 ಕೋಟಿ ಡಾಲರ್ ಎಂದು ವರದಿಯಾಯಿತು.

ವಿಶೇಷ ಸೂಚನೆ: ಪ್ರವೇಶ ಶುಲ್ಕವು ಒಮ್ಮೆ ಮಾತ್ರ ಬರುವ ಹಣ, ಅದು ಪ್ರತಿ ವರ್ಷದ ಆದಾಯವಲ್ಲ. ಅದೇ ರೀತಿ ಕ್ಲಬ್ಬಿನ ಮಾರಾಟ ಮೌಲ್ಯ ಹೆಚ್ಚಿದ ಮಾತ್ರಕ್ಕೆ ಅದು ಲಾಭದಲ್ಲಿದೆ ಎಂದು ಭಾವಿಸತಕ್ಕದ್ದಲ್ಲ. 2024ರಲ್ಲಿ ಲಾಸ್ ಏಂಜಲೀಸ್‌ನ ಏಂಜಲ್ ಸಿಟಿ ಕ್ಲಬ್ಬಿನ ಮೌಲ್ಯವನ್ನು 25 ಕೋಟಿ ಡಾಲರ್ ಎಂದು ಅಂದಾಜಿಸಲಾಯಿತು. ಇದು ಮುಂದಿನ ಆದಾಯದ ಮೇಲೆ ಹೂಡಿಕೆದಾರರು ಇಟ್ಟ ನಿರೀಕ್ಷೆಯ ಮೊತ್ತವಾಗಿರುತ್ತದೆ. ಆಟಗಾರ್ತಿಯರ ವೇತನವಾದರೋ ಪ್ರತಿ ತಿಂಗಳೂ ಪಾವತಿಯಾಗಬೇಕಾದ ವೆಚ್ಚ. ಪ್ರಸಾರ, ಟಿಕೆಟ್ ಮತ್ತು ಪ್ರಾಯೋಜಕತ್ವದ ನಿಯಮಿತ ಆದಾಯವು ಆ ವೆಚ್ಚವನ್ನು ಭರಿಸಿದಾಗ ಮಾತ್ರ ಲೀಗ್ ಸ್ಥಿರಗೊಳ್ಳುತ್ತದೆ.

7. ಭಾರತದ ಲೀಗ್: ಸಂಕ್ಷಿಪ್ತ ಮಾಹಿತಿ

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ನಡೆಸುವ ಇಂಡಿಯನ್ ವಿಮೆನ್ಸ್ ಲೀಗ್ 2016-17ರಲ್ಲಿ ಆರಂಭಗೊಂಡಿತು. ಮೊದಲ ಆವೃತ್ತಿಯ ಅಂತಿಮ ಸುತ್ತಿನಲ್ಲಿ 6 ತಂಡಗಳಿದ್ದು, ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಪ್ರಶಸ್ತಿ ಪಡೆಯಿತು. ಆರಂಭದ ವರ್ಷಗಳಲ್ಲಿ ಪಂದ್ಯಗಳು ಒಂದೇ ಸ್ಥಳದಲ್ಲಿ ಕೆಲವು ವಾರಗಳಲ್ಲಿ ಮುಗಿಯುತ್ತಿದ್ದವು. 2019-20ರ ಅಂತಿಮ ಸುತ್ತು ಬೆಂಗಳೂರಿನಲ್ಲಿ ನಡೆಯಿತು. ಕರ್ನಾಟಕದ ಕಿಕ್‌ಸ್ಟಾರ್ಟ್ ಎಫ್.ಸಿ. 2022-23ರಲ್ಲಿ ಗೋಕುಲಂ ಕೇರಳ ತಂಡದ ಎದುರು ಸೋತು ದ್ವಿತೀಯ ಸ್ಥಾನ ಗಳಿಸಿತು.

ಕೆಲವು ವಾರಗಳ ಪಂದ್ಯಾವಳಿಯು ವರ್ಷದ ಉದ್ಯೋಗವನ್ನು ಒದಗಿಸಲಾರದು. ಈ ಕೊರತೆಯನ್ನು ನೀಗಿಸಲು 2023-24ರಿಂದ ತವರು ಮತ್ತು ಹೊರಗಿನ ಪಂದ್ಯಗಳ ಪದ್ಧತಿಯನ್ನು ಜಾರಿಗೊಳಿಸಿ, ಎರಡನೆಯ ಶ್ರೇಣಿಯನ್ನೂ ಆರಂಭಿಸಲಾಯಿತು. ಪ್ರಥಮ ಶ್ರೇಣಿಯ ಪ್ರತಿ ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವಾರ್ಷಿಕ ಕನಿಷ್ಠ 3.2 ಲಕ್ಷ ರೂಪಾಯಿ ವೇತನದ ಒಪ್ಪಂದ ನೀಡಬೇಕೆಂದು ಫೆಡರೇಷನ್ 2023ರಲ್ಲಿ ಪ್ರಕಟಿಸಿತು.

8. ಒಪ್ಪಂದಕ್ಕೆ ಸಹಿ ಮಾಡುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಮೇಲ್ಕಂಡ ಅನುಭವಗಳ ಹಿನ್ನೆಲೆಯಲ್ಲಿ ಆಟಗಾರ್ತಿಯರು ಮತ್ತು ಪೋಷಕರು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

- ವೇತನ ಪಾವತಿಯ ಹೊಣೆ ಕ್ಲಬ್ಬಿನದೋ, ಲೀಗ್‌ನದೋ ಅಥವಾ ಒಕ್ಕೂಟದ್ದೋ ಎಂಬುದು.
- ಒಪ್ಪಂದವು ಇಡೀ ವರ್ಷಕ್ಕೆ ಅನ್ವಯಿಸುತ್ತದೆಯೋ ಅಥವಾ ಪಂದ್ಯಗಳ ತಿಂಗಳುಗಳಿಗೆ ಮಾತ್ರವೋ ಎಂಬುದು.
- ಕ್ಲಬ್ ಮುಚ್ಚಿದಲ್ಲಿ ಅಥವಾ ಕೆಳ ಶ್ರೇಣಿಗೆ ಇಳಿದಲ್ಲಿ ಬಾಕಿ ವೇತನದ ಗತಿ ಏನು ಎಂಬುದು.
- ಗಾಯಗೊಂಡ ಅವಧಿಯಲ್ಲಿ ವೇತನ, ಚಿಕಿತ್ಸೆ ಮತ್ತು ವಿಮೆಯ ಸೌಲಭ್ಯ ಇದೆಯೇ ಎಂಬುದು.
- ವಸತಿ, ಊಟ ಹಾಗೂ ಪ್ರಯಾಣದ ವೆಚ್ಚವನ್ನು ವೇತನದಿಂದ ಕಡಿತಗೊಳಿಸಲಾಗುವುದೇ ಎಂಬುದು.
- ಬೇರೆ ಕ್ಲಬ್ಬಿಗೆ ವರ್ಗಾಯಿಸುವಾಗ ಆಟಗಾರ್ತಿಯ ಒಪ್ಪಿಗೆ ಅಗತ್ಯವೇ ಎಂಬುದು.
- ದೂರು ಸಲ್ಲಿಸಲು ಕ್ಲಬ್ಬಿನ ಹೊರಗಿನ ಪ್ರಾಧಿಕಾರ ಇದೆಯೇ ಎಂಬುದು.

ಸಹಿ ಮಾಡಿದ ಒಪ್ಪಂದದ ಒಂದು ಪ್ರತಿಯನ್ನು ಆಟಗಾರ್ತಿಯು ತಪ್ಪದೇ ತಮ್ಮ ಬಳಿ ಇಟ್ಟುಕೊಳ್ಳತಕ್ಕದ್ದು. ಆಟಗಾರ್ತಿಯು ಅಪ್ರಾಪ್ತ ವಯಸ್ಸಿನವರಾಗಿದ್ದಲ್ಲಿ, ಪೋಷಕರು ಒಪ್ಪಂದವನ್ನು ಪೂರ್ಣವಾಗಿ ಓದಿ ಅರ್ಥೈಸಿಕೊಂಡ ನಂತರವೇ ಸಮ್ಮತಿ ನೀಡುವುದು.