ಕಾರಿನಲ್ಲೇ ಮಲಗಬೇಕಾಗಿ ಬಂದರೆ: ಮೆನ್ಲೋ ಪಾರ್ಕ್ ಉಪಾಯ ಗಲ್ಫ್‌ನಲ್ಲಿ ನಡೆಯುತ್ತದಾ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಮೆನ್ಲೋ ಪಾರ್ಕ್ ಅಂದರೆ ಫೇಸ್‌ಬುಕ್‌ನ ಮೆಟಾ ಕಂಪನಿಯ ಮುಖ್ಯ ಕಚೇರಿ ಇರುವ ಊರು. ಸಂಬಳ ದೊಡ್ಡದು, ಬಾಡಿಗೆ ಅದಕ್ಕಿಂತ ದೊಡ್ಡದು. ಕೆಲಸ ಇದ್ದೂ ಮನೆ ಹಿಡಿಯಲಾಗದೆ ಕಾರು, ವ್ಯಾನಿನಲ್ಲಿ ರಾತ್ರಿ ಕಳೆಯುವವರು ಆ ಭಾಗದಲ್ಲಿ ಇದ್ದಾರೆ. ಗಲ್ಫ್‌ನಲ್ಲೂ ಡ್ಯೂಟಿ ನಡುವೆ ಗಾಡಿಯಲ್ಲೇ ಕಣ್ಣು ಮುಚ್ಚುವ ಡ್ರೈವರ್‌ಗಳು, ಸಂಬಳ ನಿಂತು ಬೆಡ್‌ಸ್ಪೇಸ್ ಬಿಟ್ಟವರು ಇದ್ದೇ ಇದ್ದಾರೆ. ಆದರೆ ಅಲ್ಲಿನವರ ಉಪಾಯವನ್ನು ಹಾಗೆಯೇ ಇಲ್ಲಿ ಮಾಡಿದರೆ ಜೀವಕ್ಕೆ ಕುತ್ತು.

ಮೆನ್ಲೋ ಪಾರ್ಕ್‌ನಲ್ಲಿ ಜುಲೈಯಲ್ಲೂ ಹಗಲು ಸುಮಾರು 27 ಡಿಗ್ರಿ, ಬೆಳಗಿನ ಜಾವ 13ರ ಆಸುಪಾಸು. ಸಂಜೆ ನಾಲ್ಕೂ ಬಾಗಿಲು ತೆರೆದು ಬಿಸಿ ಹೊರಹಾಕಿ, ಎರಡು ಕಡೆ ಗ್ಲಾಸ್ ಸ್ವಲ್ಪ ಇಳಿಸಿ, ಸೊಳ್ಳೆ ಬಲೆ ಕಟ್ಟಿದರೆ ಮುಗಿಯಿತು. ನಡುರಾತ್ರಿಗೆ ಕಂಬಳಿ ಬೇಕು. ಅಲ್ಲಿನ ತೊಂದರೆ ಬೇರೆ: ನಗರದ ಬೀದಿಗಳಲ್ಲಿ ಪರ್ಮಿಟ್ ಇಲ್ಲದೆ ರಾತ್ರಿ 2ರಿಂದ 5ರವರೆಗೆ ಪಾರ್ಕಿಂಗ್ ಇಲ್ಲ. ಪಕ್ಕದ ಪಾಲೋ ಆಲ್ಟೋ ನಗರ 2013ರಲ್ಲಿ ವಾಹನದಲ್ಲಿ ವಾಸ ಮಾಡುವುದನ್ನೇ ನಿಷೇಧಿಸಿತ್ತು. ಲಾಸ್ ಏಂಜಲೀಸ್‌ನ ಇಂಥದ್ದೇ ಕಾನೂನನ್ನು 2014ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ರದ್ದು ಮಾಡಿದ ಮೇಲೆ ಅದೇ ವರ್ಷ ತನ್ನದನ್ನೂ ಹಿಂತೆಗೆದುಕೊಂಡಿತು.

ಹಗಲಿನ ಲೆಕ್ಕ

ಮೆನ್ಲೋ ಪಾರ್ಕ್‌ಗೆ ತಾಗಿಕೊಂಡಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಸೇರಿ ಮಾಡಿದ ಒಂದು ಪರೀಕ್ಷೆ 2005ರಲ್ಲಿ ಪ್ರಕಟವಾಯಿತು. ಕಾರಿನಲ್ಲಿ ಬಿಟ್ಟುಹೋದ ಮಕ್ಕಳ ಸಾವು ತಡೆಯಲು ಮಾಡಿದ್ದು. ಮುಚ್ಚಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತು. ಅದರಲ್ಲಿ ಶೇ. 80 ಭಾಗ ಮೊದಲ ಅರ್ಧ ಗಂಟೆಯಲ್ಲೇ! ಹೊರಗೆ ಬರೀ 22 ಡಿಗ್ರಿ ಇದ್ದ ದಿನವೂ ಒಳಗೆ 47 ಮುಟ್ಟಿತು. ಗ್ಲಾಸ್ ಸುಮಾರು ನಾಲ್ಕು ಸೆಂಟಿಮೀಟರ್ ಇಳಿಸಿದರೂ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಮೊದಲೇ ಎಸಿ ಹಾಕಿ ತಂಪು ಮಾಡಿ ಆಫ್ ಮಾಡಿದರೂ ಕೆಲವೇ ನಿಮಿಷದ ಲಾಭ. ಮೆನ್ಲೋ ಪಾರ್ಕ್‌ನ ಹವೆಯಲ್ಲೇ ಹೀಗಾದರೆ, 45 ಡಿಗ್ರಿಯ ಕುವೈತ್‌ನಲ್ಲಿ ಎಂಜಿನ್ ಆಫ್ ಮಾಡಿ ಮಧ್ಯಾಹ್ನ ಕಾರಿನಲ್ಲಿ ಮಲಗುವ ಪ್ರಶ್ನೆಯೇ ಇಲ್ಲ. ಸನ್‌ಶೇಡ್ ಹಾಕಿ, ಬೇಡ ಎನ್ನುವುದಿಲ್ಲ. ಸ್ಟೇರಿಂಗ್ ಕೈ ಸುಡುವುದಿಲ್ಲ, ಅಷ್ಟೆ. ಮಲಗಲು ಮಸೀದಿಯ ನೆರಳೋ ಮಾಲೋ ಹುಡುಕಬೇಕು.

ಫ್ಯಾನ್, ಕೂಲರ್, ಎಸಿ

5 ವಾಟ್‌ನ ಯುಎಸ್‌ಬಿ ಫ್ಯಾನ್ ಎಂಟು ಗಂಟೆಗೆ 40 ವಾಟ್-ಅವರ್ ತಿನ್ನುತ್ತದೆ. ಒಂದು ಒಳ್ಳೆಯ ಪವರ್‌ಬ್ಯಾಂಕ್ ಸಾಕು. ಆದರೆ ಗಾಳಿ 35 ಡಿಗ್ರಿ ದಾಟಿದರೆ ಫ್ಯಾನ್ ಬಿಸಿ ಗಾಳಿಯನ್ನೇ ಮೈಗೆ ತಳ್ಳುತ್ತದೆ. ಒದ್ದೆ ಬಟ್ಟೆ, ನೀರಿನ ಕೂಲರ್ ರಿಯಾದ್‌ನ ಒಣ ಹವೆಯಲ್ಲಿ ಕೆಲಸ ಮಾಡುತ್ತವೆ. ದುಬೈ, ಮನಾಮಾ, ಜೆದ್ದಾದ ಕಡಲ ಸೆಕೆಯಲ್ಲಿ ಆಗಸ್ಟ್ ರಾತ್ರಿ ಬೆವರೇ ಆರುವುದಿಲ್ಲ, ಬಟ್ಟೆ ಹೇಗೆ ಆರೀತು?

ಉಳಿದದ್ದು ಎಂಜಿನ್ ಚಾಲೂ ಇಟ್ಟು ಎಸಿ. ಗಂಟೆಗೆ ಒಂದು ಲೀಟರ್ ಆಸುಪಾಸು ಪೆಟ್ರೋಲ್ ಹೋಗುತ್ತದೆ. ದುಡ್ಡಿಗಿಂತ ದೊಡ್ಡ ಅಪಾಯ ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಬೇಸ್‌ಮೆಂಟ್, ಮುಚ್ಚಿದ ಗ್ಯಾರೇಜ್, ಗೋಡೆಗೆ ಅಥವಾ ಮರಳಿಗೆ ತಾಗಿದ ಸೈಲೆನ್ಸರ್: ಈ ಮೂರರಲ್ಲಿ ಎಂಜಿನ್ ಚಾಲೂ ಇಟ್ಟು ಎಂದೂ ಮಲಗಬಾರದು. ಬಯಲಲ್ಲಿ ನಿಲ್ಲಿಸಿದರೂ ಸೈಲೆನ್ಸರ್ ತೂತಾಗಿದ್ದರೆ ಹೊಗೆ ಒಳಗೆ ಬರುತ್ತದೆ. ತಲೆನೋವು, ವಾಂತಿ ಬಂದಂತಾದರೆ ತಕ್ಷಣ ಕೆಳಗಿಳಿಯಿರಿ.

ಯಾರಾದರೂ ಸೆಕೆಯಲ್ಲಿ ತೊದಲಲು, ಗೊಂದಲದಿಂದ ಮಾತಾಡಲು ಶುರು ಮಾಡಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ ಆಂಬುಲೆನ್ಸ್ ಕರೆಯಿರಿ: ಯುಎಇ 998, ಸೌದಿ 997, ಕತಾರ್ ಮತ್ತು ಬಹ್ರೇನ್ 999, ಕುವೈತ್ 112, ಒಮಾನ್ 9999.

ರೂಮ್ ಹೋಗಿ ಕಾರೇ ಮನೆಯಾದವರು ನಾಚಿಕೆಪಟ್ಟು ಸುಮ್ಮನಿರಬೇಡಿ. ಸಂಕಷ್ಟದಲ್ಲಿರುವ ಭಾರತೀಯರ ಊಟ, ವಸತಿಗೆ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದೊಂದಿದೆ. ಪಾಸ್‌ಪೋರ್ಟ್ ಪ್ರತಿ, ವೀಸಾ ಪ್ರತಿ, ಸಂಬಳ ಬಾಕಿ ಇದ್ದರೆ ಅದರ ಕಾಗದ ಹಿಡಿದುಕೊಂಡು ಹೋಗಿ.