ಬರಕ್ಕೆ ಸುರುಳಿ ಸುತ್ತುವ ಜೋಳದ ಎಲೆ: ಒಳಗಿನ ಸಕ್ಕರೆ ಏನಾಗುತ್ತೆ?

ಹಿಂಗಾರಿ ಬಿಳಿ ಜೋಳ ನಿಲ್ಲೋದೇ ಎರೆ ಮಣ್ಣಿನ ಹಸಿ ನಂಬಿಕೊಂಡು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಮಧ್ಯಾಹ್ನದ ಹೊತ್ತಿಗೆ ಎಲೆ ಸುರುಳಿ ಸುತ್ತುತ್ತೆ. ವಿಜಯಪುರ, ಕಲಬುರಗಿ ಭಾಗದ ರೈತರಿಗೆ ಇದು ಕಂಡ ದೃಶ್ಯವೇ. ಆ ಹೊತ್ತಲ್ಲಿ ಎಲೆಯೊಳಗೆ ನಡೆಯೋದು ಇಷ್ಟು.

ಎಲೆಯೇ ಅಡುಗೆಮನೆ
ಎಲೆಯ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತೆ. ಬಿಸಿಲಿನ ಬಲದಿಂದ ಸಕ್ಕರೆ ತಯಾರಾಗುತ್ತೆ. ಅದರಲ್ಲಿ ಒಂದು ಪಾಲನ್ನು ಎಲೆ ಪಿಷ್ಟವಾಗಿ ಕೂಡಿಟ್ಟು, ರಾತ್ರಿ ಒಡೆದು ಬಳಸುತ್ತೆ, ಬೇರೆ ಭಾಗಕ್ಕೂ ಕಳಿಸುತ್ತೆ.

ನೀರು ಕಡಿಮೆಯಾದಾಗ
ಗಿಡ ರಂಧ್ರ ಮುಚ್ಚಿಕೊಳ್ಳುತ್ತೆ. ನೀರು ಉಳಿಯುತ್ತೆ, ಆದರೆ ಅಡುಗೆ ಕುಂಠಿತ ಆಗುತ್ತೆ. ಆಗ ಪಿಷ್ಟ ಒಡೆದು ಸಕ್ಕರೆ ಆಗುತ್ತೆ. ಬೆಳವಣಿಗೆ ಮೊದಲೇ ನಿಂತಿರೋದರಿಂದ ಖರ್ಚೂ ಕಮ್ಮಿ. ಹೀಗಾಗಿ ಬರದ ಆರಂಭದಲ್ಲಿ ಎಲೆಯಲ್ಲಿ ಪಿಷ್ಟ ಇಳಿದು ಸಕ್ಕರೆ ಏರುತ್ತೆ. ಮಳೆಗಾಲದಲ್ಲಿ ಬೆಲ್ಲ ತೇವ ಎಳೆದುಕೊಳ್ಳುವ ಹಾಗೆ, ಈ ಸಕ್ಕರೆ ಜೀವಕೋಶದಲ್ಲಿ ನೀರು ಹಿಡಿದಿಡುತ್ತೆ.

ಬರ ಮುಂದುವರಿದರೆ ದಾಸ್ತಾನು ಕರಗುತ್ತೆ, ಯಾಕಂದ್ರೆ ಗಿಡದ ಉಸಿರಾಟಕ್ಕೂ ಸಕ್ಕರೆ ಬೇಕು. ಕಾಳು ಕಟ್ಟುವಾಗ ಹೀಗಾದರೆ ಕಾಂಡದಲ್ಲಿದ್ದ ಸಕ್ಕರೆಯೂ ತೆನೆಗೆ ಹೋಗುತ್ತೆ. ಬಡವಾದ ಕಾಂಡಕ್ಕೆ ಇದ್ದಿಲು ಕೊಳೆ ರೋಗ ಬಂದು ಬೆಳೆ ನೆಲಕ್ಕೆ ಬೀಳುತ್ತೆ. ಕಾಳು ಸಣ್ಣದು, ಕಣಿಕೆಯೂ ಹಾಳು.

ದನಗಳಿಗೆ ಎಚ್ಚರ
ಎಳೆ ಜೋಳದಲ್ಲಿ ಗ್ಲೂಕೋಸ್ ಕೂಡಿಕೊಂಡ ಧುರಿನ್ ಎಂಬ ವಸ್ತು ಇರುತ್ತೆ. ಬರಕ್ಕೆ ಸಿಕ್ಕ ಗಿಡದಲ್ಲಿ ಇದು ಹೆಚ್ಚಾಗಬಹುದು. ದನ ಮೇಯ್ದಾಗ ಇದರಿಂದ ಸಯನೈಡ್ ವಿಷ ಬಿಡುಗಡೆಯಾಗಿ ಸ್ವಲ್ಪ ಹೊತ್ತಲ್ಲೇ ಪ್ರಾಣ ಹೋಗಬಹುದು. ಬಾಡಿದ ಎಳೆ ಬೆಳೆ, ಮಳೆ ಬಂದ ಮೇಲೆ ಚಿಗುರಿದ ಕೂಳೆ ಮೇಯಿಸಬಾರದು. ಕೊಯ್ದು ಚೆನ್ನಾಗಿ ಒಣಗಿಸಿದರೆ ವಿಷ ಬಹಳಷ್ಟು ತಗ್ಗುತ್ತೆ. ದನ ಏದುಸಿರು ಬಿಟ್ಟು ತೂರಾಡಿದರೆ ತಡ ಮಾಡದೆ ಪಶುವೈದ್ಯರನ್ನು ಕರೆಸಬೇಕು. ಪಶು ಸಹಾಯವಾಣಿ: 1962.

ಏನು ಮಾಡಬಹುದು?
* ಎಡೆಕುಂಟೆ ಹೊಡೆದು ನೆಲದ ಬಿರುಕು ಮುಚ್ಚಿದರೆ ಹಸಿ ಆರೋದು ಕಮ್ಮಿ.
* ಕಳೆ ತೆಗೆದರೆ ಇರೋ ನೀರು ಬೆಳೆಗೇ ಸಿಗುತ್ತೆ.
* ಕೃಷಿ ಹೊಂಡದಲ್ಲಿ ಒಂದೇ ನೀರಿಗೆ ಸಾಕಾಗುವಷ್ಟಿದ್ದರೆ ತೆನೆ ಹೊರಡುವ ಹೊತ್ತಿಗೆ ಉಳಿಸಿಕೊಳ್ಳೋದು ಒಳ್ಳೇದು.